ಕ್ಯಾರವಾನ್ ಇನ್ಶೂರೆನ್ಸ್: ಬೆಳಗಾವಿಯಲ್ಲಿ ಯಾರ ಹತ್ತಿರ ಮಾಡಿಸಬೇಕು, ಎಷ್ಟು ಕೊಡಬೇಕು

ಕ್ಯಾರವಾನ್ (ಒಳಗೇ ಮಲಗಿ, ಅಡುಗೆ ಮಾಡಿಕೊಳ್ಳಬಹುದಾದ ಗಾಡಿ; ಕ್ಯಾಂಪರ್ ವ್ಯಾನ್ ಅಂತಲೂ ಅನ್ನುತ್ತಾರೆ) ಮಾಡಿಸಿದ ಒಂದು ಫೋರ್ಸ್ ಟ್ರಾವೆಲರ್ ವ್ಯಾನಿಗೆ ಬೆಳಗಾವಿಯಲ್ಲಿ ನಾಲ್ಕು ಕಡೆ ಇನ್ಶೂರೆನ್ಸ್ ದರ ಕೇಳಿ ನೋಡಿ. ನಾಲ್ಕು ಅಂಕಿ ಬರುತ್ತವೆ, ಒಂದಕ್ಕೊಂದು ಸಂಬಂಧವೇ ಇರುವುದಿಲ್ಲ. ಯಾರೋ ಉದಾರಿ, ಯಾರೋ ದುಬಾರಿ ಅಂತ ತಿಳಿಯಬೇಡಿ. ನಾಲ್ವರೂ ನಾಲ್ಕು ಬೇರೆ ಗಾಡಿಗೆ ದರ ಹೇಳಿರುತ್ತಾರೆ. ಒಬ್ಬರು ಅದನ್ನು ಖಾಸಗಿ ಕಾರು ಎಂದು ಹಿಡಿದಿರುತ್ತಾರೆ, ಇನ್ನೊಬ್ಬರು ಹನ್ನೆರಡು ಪ್ರಯಾಣಿಕರ ಬಾಡಿಗೆ ಗಾಡಿ ಎಂದು, ಮೂರನೆಯವರು ‘ಇತರೆ ವಿಶೇಷ ವಾಹನ’ ಎಂದು. ನಾಲ್ಕನೆಯವರು ‘ಕ್ಯಾಂಪರ್’ ಎಂಬ ಪದ ಕಿವಿಗೆ ಬಿದ್ದದ್ದೇ ತಡ, ಮಹೀಂದ್ರಾ ಬೊಲೆರೊ ಕ್ಯಾಂಪರ್ ಎಂದುಕೊಂಡು ಸರಕು ಗಾಡಿಯ ದರ ತೆಗೆದಿರುತ್ತಾರೆ. ವಿಜಯಪುರ, ಬಾಗಲಕೋಟೆ ಕಡೆ ಈ ಕೊನೆಯ ಎಡವಟ್ಟು ಇನ್ನೂ ಸುಲಭ; ಅಲ್ಲಿ ಕ್ಯಾಂಪರ್ ಅಂದರೆ ಹಿಂದೆ ಗೊಬ್ಬರದ ಚೀಲ ಹೇರುವ ಡಬಲ್ ಕ್ಯಾಬಿನ್ ಪಿಕಪ್ಪೇ.

ಥರ್ಡ್ ಪಾರ್ಟಿ (ನಿಮ್ಮ ಗಾಡಿಯಿಂದ ಬೇರೆಯವರಿಗೆ ಆಗುವ ನಷ್ಟದ ವಿಮೆ) ದರ ಸರ್ಕಾರ ಗೊತ್ತುಮಾಡಿದ್ದು. ಅದು ಎಲ್ಲ ಕಂಪನಿಗೂ ಒಂದೇ, ಅದರಲ್ಲಿ ಚೌಕಾಸಿಗೆ ಜಾಗವಿಲ್ಲ. 2022ರ ಜೂನ್ 1ರಿಂದ ಜಾರಿಗೆ ಬಂದ ಪಟ್ಟಿಯಲ್ಲಿ 1500 ಸಿಸಿಗಿಂತ ದೊಡ್ಡ ಎಂಜಿನ್ನಿನ ಖಾಸಗಿ ಕಾರಿಗೆ ವರ್ಷಕ್ಕೆ ₹7,897. ಟ್ರಾವೆಲರ್ ಎಂಜಿನ್ 2596 ಸಿಸಿ, ಆದ್ದರಿಂದ ಖಾಸಗಿ ಎಂದು ಹಿಡಿದರೆ ಇದೇ ದರ. ಅದೇ ಗಾಡಿಯನ್ನು ಆರಕ್ಕಿಂತ ಹೆಚ್ಚು ಪ್ರಯಾಣಿಕರ ಬಾಡಿಗೆ ಗಾಡಿ ಎಂದು ಹಿಡಿದರೆ ಮೂಲ ₹14,343, ಅದರ ಮೇಲೆ ತಲಾ ಪ್ರಯಾಣಿಕರಿಗೆ ₹877. ಹನ್ನೆರಡು ಮಂದಿಗೆ ಒಟ್ಟು ₹24,867, ಶೇ 18ರ ಜಿಎಸ್‌ಟಿ ಸೇರಿ ₹29,343. ಸರಕು ಗಾಡಿ ಎಂದಾದರೆ 7,500 ಕೆಜಿ ಒಟ್ಟು ತೂಕದವರೆಗೆ ₹16,049. ದರಪತ್ರ ಕೈಗೆ ಬಂದ ಕೂಡಲೇ ಥರ್ಡ್ ಪಾರ್ಟಿ ಸಾಲಿನ ಅಂಕಿ ಹುಡುಕಿ. ಕಂಪನಿ ನಿಮ್ಮ ಗಾಡಿಯನ್ನು ಏನೆಂದು ತಿಳಿದಿದೆ ಎಂಬುದು ಆ ಒಂದು ಅಂಕಿಯಲ್ಲೇ ಗೊತ್ತಾಗುತ್ತದೆ. ಹೊಚ್ಚ ಹೊಸ ಖಾಸಗಿ ಗಾಡಿಗೆ ಮೂರು ವರ್ಷದ ಥರ್ಡ್ ಪಾರ್ಟಿ ಒಮ್ಮೆಗೇ ಕಟ್ಟಬೇಕು. ಇದೇ ವರ್ಗದಲ್ಲಿ ಅದು ₹24,596. ಬಸ್ಸಿನ ದರ ಹಾಕಿದ್ದಾರೆಂದು ಗಾಬರಿಯಾಗುವ ಮೊದಲು ಇದನ್ನೂ ನೋಡಿಕೊಳ್ಳಿ.

ಯಾವ ವರ್ಗ ಸರಿ ಎಂಬುದನ್ನು ಏಜೆಂಟರು ಹೇಳುವಂತಿಲ್ಲ, ಆರ್‌ಸಿ ಹೇಳಬೇಕು. ಕೇಂದ್ರದ ವಾಹನ ವರ್ಗೀಕರಣದಲ್ಲಿ ಖಾಸಗಿ ಬಳಕೆಯ ಕ್ಯಾಂಪರ್ ವ್ಯಾನ್ ಸಾರಿಗೆಯೇತರ ವಾಹನ. ಆದರೆ ಹಳೆಯ ಹದಿಮೂರು ಸೀಟಿನ ಗಾಡಿ ಕೊಂಡು, ಉದ್ಯಮಬಾಗದ ಯಾವುದೋ ಶೆಡ್ಡಿನಲ್ಲಿ ಸೀಟು ಕಿತ್ತು, ಮಂಚ, ಸಿಂಕು, ಟಾಯ್ಲೆಟ್ ಕೂರಿಸಿದ ಮಾತ್ರಕ್ಕೆ ಅದು ಕ್ಯಾಂಪರ್ ವ್ಯಾನ್ ಆಗುವುದಿಲ್ಲ. ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ ತಯಾರಕರ ವಿವರಕ್ಕೆ ಹೊಂದದ ಬದಲಾವಣೆ ಮಾಡುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಹೇಳಿದೆ. ಕ್ಯಾರವಾನ್‌ಗೆಂದೇ ಎಐಎಸ್-124 ಎಂಬ ಮಾನದಂಡವಿದೆ. ಆ ಅನುಮೋದನೆ ಇರುವ ಬಾಡಿ ಬಿಲ್ಡರ್ ಹತ್ತಿರ ಕಟ್ಟಿಸಿ, ಆರ್‌ಟಿಒದಲ್ಲಿ ಪಾಸಿಂಗ್ ಮಾಡಿಸಿ, ಆರ್‌ಸಿಯಲ್ಲಿ ಬಾಡಿ ಮಾದರಿ, ಸೀಟು ಸಂಖ್ಯೆ, ಖಾಲಿ ತೂಕ ಮೂರೂ ಬದಲಾದ ಮೇಲೆಯೇ ಇನ್ಶೂರೆನ್ಸ್ ದರ ಕೇಳುವುದರಲ್ಲಿ ಅರ್ಥವಿದೆ. ಆರ್‌ಸಿಯಲ್ಲಿ ಹದಿಮೂರು ಸೀಟು, ಒಳಗೆ ನಾಲ್ಕು ಸೀಟು ಮತ್ತು ಒಂದು ಅಡುಗೆಮನೆ: ನಷ್ಟ ಅಳೆಯಲು ಬರುವ ಸರ್ವೇಯರ್ ಇದನ್ನು ಮೊದಲ ಫೋಟೊದಲ್ಲೇ ಹಿಡಿಯುತ್ತಾರೆ. ಆಗ ಗಾಡಿಗೆ ಆದ ನಷ್ಟದ ಕ್ಲೇಮ್ ಪೂರ್ತಿ ಬೀಳಬಹುದು, ಇಲ್ಲವೇ ಸೊರಗಿ ಬರಬಹುದು. “ಏನೂ ಆಗಂಗಿಲ್ರೀ, ಫುಲ್ ಇನ್ಶೂರೆನ್ಸ್ ಐತಿ” ಅನ್ನುವ ಏಜೆಂಟರು ಆ ದಿನ ಸರ್ವೇಯರ್ ಪಕ್ಕದಲ್ಲಿ ನಿಂತಿರುವುದಿಲ್ಲ.

ಕಂಪನಿ ಕಂಪನಿಗೆ ವ್ಯತ್ಯಾಸ ಬರುವುದು ಸ್ವಂತ ಗಾಡಿಯ ನಷ್ಟದ ಭಾಗದಲ್ಲಿ, ಅಂದರೆ ಓಡಿ ಪ್ರೀಮಿಯಂನಲ್ಲಿ. 2007ರಿಂದ ಇದಕ್ಕೆ ಕಂಪನಿಗಳು ತಮ್ಮದೇ ದರ ಹಾಕಬಹುದು. ಆದರೂ ಹಳೆಯ ಮೋಟಾರ್ ಟ್ಯಾರಿಫ್ ಹಿಡಿದು ಅದರ ಮೇಲೆ ರಿಯಾಯಿತಿ ಕೊಡುವ ರೂಢಿ ಉಳಿದಿದೆ. ಆ ಪಟ್ಟಿಯಲ್ಲಿ ಬೆಳಗಾವಿ, ಬಾಗಲಕೋಟೆ, ವಿಜಯಪುರ ಎಲ್ಲವೂ ‘ಬಿ’ ವಲಯ. 1500 ಸಿಸಿ ಮೀರಿದ, ಐದು ವರ್ಷದೊಳಗಿನ ಖಾಸಗಿ ಗಾಡಿಗೆ ಮೌಲ್ಯದ ಶೇ 3.343. ಪುಣೆಯಲ್ಲಿ ನೋಂದಣಿಯಾದ ಗಾಡಿ ‘ಎ’ ವಲಯಕ್ಕೆ ಸೇರಿ ಶೇ 3.440 ಬೀಳುತ್ತದೆ. ವಿದ್ಯುತ್ ಉಪಕರಣಕ್ಕೆ ಬೇರೆಯೇ ಲೆಕ್ಕ, ಬೆಲೆಯ ಶೇ 4.

ಒಂದು ಲೆಕ್ಕ ಹಾಕೋಣ. ಗಾಡಿಯ ಮೌಲ್ಯ (ಐಡಿವಿ) 14 ಲಕ್ಷ. ಮಂಚ, ಕಪಾಟು, ನೀರಿನ ಟ್ಯಾಂಕು, ಹೊರಗಿನ ನೆರಳಿನ ಪರದೆ ಸೇರಿ 3.5 ಲಕ್ಷ. ಸೋಲಾರ್ ಪ್ಯಾನೆಲ್, ಲಿಥಿಯಂ ಬ್ಯಾಟರಿ, ಇನ್ವರ್ಟರ್, ಫ್ರಿಜ್, ಪಂಪು 2.5 ಲಕ್ಷ. ಗಾಡಿಗೆ ₹46,802, ಮರಗೆಲಸಕ್ಕೆ ₹11,700, ವಿದ್ಯುತ್ ಸಾಮಾನಿಗೆ ₹10,000. ಮೂರರ ಮೇಲೂ ಅರ್ಧ ರಿಯಾಯಿತಿ ಸಿಕ್ಕರೆ ₹34,251. ಥರ್ಡ್ ಪಾರ್ಟಿ, ಜಿಎಸ್‌ಟಿ ಸೇರಿ ಸುಮಾರು ₹49,735. ಒಳಗಿನ 6 ಲಕ್ಷದ ಸಾಮಾನು ಬರೆಸದೆ ಬರೀ ಗಾಡಿಗೆ ಮಾಡಿಸಿದರೆ ₹36,932. ಅಂತರ ಹನ್ನೆರಡು ಸಾವಿರದ ಎಂಟುನೂರು ಚಿಲ್ಲರೆ. ‘ನಮ್ಮದು ಅವರಿಗಿಂತ ಹನ್ನೆರಡು ಸಾವಿರ ಕಡಿಮೆ’ ಎನ್ನುವ ದರಪತ್ರದ ಗುಟ್ಟು ಬಹುತೇಕ ಇಷ್ಟೇ. ಗಾಡಿ ಸುಟ್ಟರೆ ಒಬ್ಬರು 20 ಲಕ್ಷದ ಲೆಕ್ಕ ಹಿಡಿಯುತ್ತಾರೆ, ಇನ್ನೊಬ್ಬರು 14 ಲಕ್ಷದ್ದು. (ಮಾಲೀಕ-ಚಾಲಕರ 15 ಲಕ್ಷದ ಅಪಘಾತ ವಿಮೆ ಮೇಲಿನ ಲೆಕ್ಕದಲ್ಲಿ ಸೇರಿಲ್ಲ. ನಿಮ್ಮ ಬೇರೆ ಗಾಡಿಯ ಮೇಲೆ ಅದು ಆಗಲೇ ಇದ್ದರೆ ಮತ್ತೆ ಕೊಳ್ಳಬೇಕಿಲ್ಲ.)

ಸಾಮಾನು ಬರೆಸಲು ಜಿಎಸ್‌ಟಿ ಬಿಲ್ ಬೇಕು. ಬಡಿಗೇರರಿಗೆ ರೊಕ್ಕ ಎಣಿಸಿ ಕೊಟ್ಟ ಕೆಲಸಕ್ಕೆ ಕಂಪನಿಯ ಲೆಕ್ಕದಲ್ಲಿ ಬೆಲೆಯಿಲ್ಲ. ‘ಇಂಟೀರಿಯರ್ ಕೆಲಸ ₹6,00,000’ ಎಂದು ಒಂದೇ ಸಾಲಿನ ಬಿಲ್ ತರಬೇಡಿ. ವಿದ್ಯುತ್ತಿನದು ಬೇರೆ, ಮರದ್ದು ಬೇರೆ, ಫೈಬರಿನದು ಬೇರೆ ಇರಲಿ, ಬ್ಯಾಟರಿ, ಇನ್ವರ್ಟರಿನ ಸೀರಿಯಲ್ ನಂಬರ್ ಸಹಿತ. ಆ ಮೌಲ್ಯವೂ ಗಾಡಿಯ ಜೊತೆಗೇ ಇಳಿಯುತ್ತದೆ: ಎರಡನೇ ವರ್ಷ ಶೇ 20, ಮೂರನೇ ವರ್ಷ 30, ನಾಲ್ಕಕ್ಕೆ 40, ಐದಕ್ಕೆ 50. ಐದು ದಾಟಿದ ಮೇಲೆ ನೀವು ಮತ್ತು ಕಂಪನಿ ಒಪ್ಪಿದ್ದೇ ಮೌಲ್ಯ.

ಇನ್ನು ಕಂಪನಿಗಳು. ಸರ್ಕಾರಿ ನಾಲ್ಕು, ಅಂದರೆ ನ್ಯೂ ಇಂಡಿಯಾ, ನ್ಯಾಷನಲ್, ಓರಿಯೆಂಟಲ್, ಯುನೈಟೆಡ್ ಇಂಡಿಯಾ, ಬೆಳಗಾವಿಯಲ್ಲಿ ಕಚೇರಿ ಇಟ್ಟುಕೊಂಡಿವೆ. ಕ್ಯಾರವಾನ್ ವಿಷಯದಲ್ಲಿ ನಮ್ಮ ಮೊದಲ ಒಲವು ಈ ಗುಂಪಿಗೇ. ಕಾರಣ ದರವಲ್ಲ, ರಿಯಾಯಿತಿಯಲ್ಲಿ ಇವು ಸಾಮಾನ್ಯವಾಗಿ ಖಾಸಗಿಯವರಿಗಿಂತ ಬಿಗಿ. ಆದರೆ ಅಲ್ಲಿ ಪ್ರಪೋಸಲ್ ಫಾರಂ ಕೈಯಲ್ಲಿ ತುಂಬಬಹುದು, ಗಾಡಿಯನ್ನು ಕಚೇರಿ ಮುಂದೆ ನಿಲ್ಲಿಸಿ ತೋರಿಸಬಹುದು, ಸಾಮಾನಿನ ಪಟ್ಟಿಯನ್ನು ಪಾಲಿಸಿಯಲ್ಲಿ ಸಾಲುಸಾಲಾಗಿ ಬರೆಸಬಹುದು. ವಿಚಿತ್ರ ಗಾಡಿಗೆ ಬೇಕಾದ್ದು ಕಣ್ಣಿಟ್ಟು ನೋಡುವ ಒಬ್ಬ ಅಧಿಕಾರಿ. ಬದಲಿಗೆ ತಾಳ್ಮೆ ಬೇಕು: ಅವಧಿ ಮುಗಿಯುವ ಮೂರು ವಾರ ಮೊದಲೇ ಹೋಗಿ, ಕೊನೆಯ ದಿನ ಸಂಜೆ ನಾಲ್ಕಕ್ಕಲ್ಲ.

ಐಸಿಐಸಿಐ ಲೊಂಬಾರ್ಡ್, ಎಚ್‌ಡಿಎಫ್‌ಸಿ ಎರ್ಗೊ, ಟಾಟಾ ಎಐಜಿಯಂಥ ಖಾಸಗಿ ಕಂಪನಿಗಳ ಬಲ ಆ್ಯಡ್-ಆನ್‌ಗಳಲ್ಲಿ (ಹೆಚ್ಚುವರಿ ಹಣಕ್ಕೆ ಸಿಗುವ ರಕ್ಷಣೆಗಳು) ಮತ್ತು ಕ್ಯಾಶ್‌ಲೆಸ್ ಗ್ಯಾರೇಜ್ ಜಾಲದಲ್ಲಿ. ತೊಡಕು ಇರುವುದು ಮಾದರಿಯ ಕೋಡಿನಲ್ಲಿ. ಕಂಪ್ಯೂಟರಿನಲ್ಲಿ ಟ್ರಾವೆಲರ್ ಅಂತ ಒತ್ತಿದರೆ ಪ್ರಯಾಣಿಕ ಗಾಡಿ ಬರುತ್ತದೆ, ಕ್ಯಾರವಾನ್ ಎಂಬ ಆಯ್ಕೆ ಸಿಗುವುದು ಕಷ್ಟ. ಆದ್ದರಿಂದ ವೆಬ್‌ಸೈಟಿನಲ್ಲಿ ಕೊಳ್ಳಬೇಡಿ. ಶಾಖೆಗೆ ಹೋಗಿ ಅಂಡರ್‌ರೈಟರ್ (ವಿಮೆ ಕೊಡಬೇಕೋ ಬೇಡವೋ ತೀರ್ಮಾನಿಸುವ ಅಧಿಕಾರಿ) ಒಪ್ಪಿಗೆ ಇಮೇಲಿನಲ್ಲಿ ತರಿಸಿಕೊಳ್ಳಿ. ಬರೀ ಮೊಬೈಲಿನಲ್ಲೇ ಮಾರುವ ಕಂಪನಿಗಳು ಮನೆಯ ಸ್ವಿಫ್ಟ್‌ಗೆ ಚೆನ್ನ, ಇದಕ್ಕಲ್ಲ. ಆ ಆ್ಯಪಿನ ತಪಾಸಣೆ ಗಾಡಿಯ ನಾಲ್ಕು ಮೂಲೆ, ಚಾಸಿ ನಂಬರ್ ಕೇಳುತ್ತದೆ. ಒಳಗೆ ಇಳಿದು ನಿಮ್ಮ ಒಲೆ, ಬ್ಯಾಟರಿ ನೋಡುವುದಿಲ್ಲ. ಹಳದಿ ಬೋರ್ಡ್ ಹಾಕಿ ಬಾಡಿಗೆಗೆ ಬಿಡುವವರಾದರೆ ಶ್ರೀರಾಮ್, ಚೋಳಮಂಡಲಂ ಕಡೆಯೂ ದರ ಕೇಳಿ. ಬಾಡಿಗೆ ಗಾಡಿಗಳ ವ್ಯವಹಾರದಲ್ಲಿ ಪಳಗಿದ ಕಂಪನಿಗಳು. ಬಿಳಿ ಬೋರ್ಡ್ ಇಟ್ಟುಕೊಂಡು ವಾರಾಂತ್ಯಕ್ಕೆ ಗೋವಾ ಬಾಡಿಗೆ ಹೊಡೆದರೆ ಮಾತ್ರ ಯಾವ ಕಂಪನಿಯ ಖಾಸಗಿ ಪಾಲಿಸಿಯೂ ಕೈ ಹಿಡಿಯುವುದಿಲ್ಲ.

ಹಣ ಕಟ್ಟುವ ಮೊದಲು ಇಮೇಲಿನಲ್ಲಿ ಕೇಳಿ, ಇಮೇಲಿನಲ್ಲೇ ಉತ್ತರ ಪಡೆಯಿರಿ: ಗಾಡಿ ಯಾವ ವರ್ಗ? ಒಳಗಿನ ಸಾಮಾನಿನ ಮೊತ್ತ ಪಾಲಿಸಿಯ ಯಾವ ಸಾಲಿನಲ್ಲಿದೆ? ‘ಬಂಪರ್ ಟು ಬಂಪರ್’ (ಕ್ಲೇಮಿನಲ್ಲಿ ಬಿಡಿಭಾಗಗಳ ಸವಕಳಿ ಕಳೆಯದ ಆ್ಯಡ್-ಆನ್) ಗಾಡಿಗೆ ಮಾತ್ರವೋ, ಒಳಗಿನ ಸಾಮಾನಿಗೂ ಇದೆಯೋ? ಕ್ಯಾಶ್‌ಲೆಸ್ ಗ್ಯಾರೇಜ್ ಬೆಳಗಾವಿಯಲ್ಲಿದೆಯೋ, ಹುಬ್ಬಳ್ಳಿಗೇ ಒಯ್ಯಬೇಕೋ? ಟೋಯಿಂಗ್ ಎಷ್ಟು ಕಿಲೋಮೀಟರ್, ಎಷ್ಟು ಟನ್ ತೂಕದವರೆಗೆ? ಈ ಕೊನೆಯದನ್ನು ಯಾರೂ ಕೇಳುವುದಿಲ್ಲ, ಕಾರು ಎತ್ತುವ ಟೋಯಿಂಗ್ ಗಾಡಿ ಚೋರ್ಲಾ ಘಾಟಿಗೆ ಬಂದು ಟ್ರಾವೆಲರ್ ನೋಡಿ ಹಿಂದಿರುಗಿದಾಗ ನೆನಪಾಗುತ್ತದೆ.

‘ಬಂಪರ್ ಟು ಬಂಪರ್’ ಇಲ್ಲಿ ಯಾಕೆ ಮುಖ್ಯ? ಕ್ಯಾರವಾನಿನಲ್ಲಿ ಫೈಬರ್, ಪ್ಲಾಸ್ಟಿಕ್ ಭಾಗಗಳು ಸಾಕಷ್ಟು ಇರುತ್ತವೆ. ಕ್ಲೇಮಿನಲ್ಲಿ ಫೈಬರ್ ಗ್ಲಾಸಿಗೆ ಶೇ 30 ಸವಕಳಿ ಕಳೆಯುತ್ತಾರೆ. ರಬ್ಬರ್, ಪ್ಲಾಸ್ಟಿಕ್, ಟೈರ್, ಬ್ಯಾಟರಿಗೆ ಶೇ 50. ಗಾಜಿಗೆ ಏನೂ ಇಲ್ಲ. ಮರ ಮತ್ತು ಲೋಹಕ್ಕೆ ಗಾಡಿಯ ವಯಸ್ಸು ನೋಡಿ ಕಳೆಯುತ್ತಾರೆ, ಮೊದಲ ಆರು ತಿಂಗಳು ಸೊನ್ನೆಯಿಂದ ಹತ್ತು ವರ್ಷ ಮೀರಿದ್ದಕ್ಕೆ ಶೇ 50ರವರೆಗೆ. ಖಾನಾಪುರ ರಸ್ತೆಯಲ್ಲಿ ಕೊಂಬೆ ತಾಗಿ ಫೈಬರ್ ಚಾವಣಿ ಹರಿಯಿತು ಅನ್ನಿ: ಚಾವಣಿ ₹80,000, ಕೂಲಿ ₹20,000. ಸವಕಳಿ ₹24,000, ಕಡ್ಡಾಯ ಕಡಿತ ₹2,000 ಹೋಗಿ ಕೈಗೆ ಬರುವುದು ₹74,000. ಎತ್ತರದ ಗಾಡಿಗೆ ಇದು ಅಪರೂಪದ ಅಪಘಾತವಲ್ಲ. ಹಂಗಾಮಿನಲ್ಲಿ ಕಬ್ಬಿನ ಟ್ರ್ಯಾಕ್ಟರಿನ ಹೊರಚಾಚಿದ ಹೇರೂ ಚಾವಣಿಯ ಮೂಲೆಗೇ ತಾಗುತ್ತದೆ. ರಾತ್ರಿ ಹಿಂಬದಿ ದೀಪವಿಲ್ಲದ ಟ್ರೇಲರ್ ಬೇರೆ.

ಮಳೆಗಾಲಕ್ಕೆ ಎಂಜಿನ್ ರಕ್ಷಣೆಯ ಆ್ಯಡ್-ಆನ್ ಬೇಕೇ ಬೇಕು. 2019ರ ಆಗಸ್ಟಿನ ಪ್ರವಾಹ ಕಂಡ ಕೃಷ್ಣಾ, ಘಟಪ್ರಭಾ, ಮಲಪ್ರಭಾ ದಂಡೆಯವರಿಗೆ ಇದನ್ನು ವಿವರಿಸಬೇಕಿಲ್ಲ. ಪ್ರವಾಹದಿಂದ ಆದ ನಷ್ಟ ಸಾದಾ ಪಾಲಿಸಿಯಲ್ಲೂ ಇದೆ. ಆದರೆ ನೀರಲ್ಲಿ ನಿಂತ ಗಾಡಿಯನ್ನು ಚಾಲೂ ಮಾಡಿ, ಸಿಲಿಂಡರಿಗೆ ನೀರು ಎಳೆದು ಕನೆಕ್ಟಿಂಗ್ ರಾಡ್ ಬಗ್ಗಿದರೆ ಅದು ನಂತರದ ನಷ್ಟ ಎಂದು ತಳ್ಳಿಹಾಕುತ್ತಾರೆ. ನೀರು ಹೊಕ್ಕಿದ್ದರೆ ಕೀ ಮುಟ್ಟದೆ ಬ್ಯಾಟರಿ ತಂತಿ ಬಿಚ್ಚಿ, ಫೋಟೊ ತೆಗೆದು, ಎತ್ತಿಸಿಕೊಂಡು ಹೋಗಿ.

ಬೆಂಕಿಯ ವಿಷಯದಲ್ಲಿ ಪಾಲಿಸಿಯ ಭಾಷೆ ಸೂಕ್ಷ್ಮ. ಬೆಂಕಿ, ಸ್ಫೋಟ, ತಾನಾಗಿ ಹೊತ್ತಿಕೊಳ್ಳುವುದು ಒಳಗೆ. ವಿದ್ಯುತ್ ಅಥವಾ ಯಾಂತ್ರಿಕ ಕೆಡುಕು ಹೊರಗೆ. ಇನ್ವರ್ಟರ್ ಸುಟ್ಟು ಸತ್ತರೆ ದುಡ್ಡು ಬರುವುದಿಲ್ಲ, ಅದರಿಂದ ಗಾಡಿಗೆ ಬೆಂಕಿ ಬಿದ್ದರೆ ಬರುತ್ತದೆ. ಆಗ ಸರ್ವೇಯರ್ ಕೇಳುವ ಮೊದಲ ಪ್ರಶ್ನೆ ಬ್ಯಾಟರಿಯ ಪಕ್ಕದಲ್ಲೇ ಫ್ಯೂಸ್ ಇತ್ತೇ, ವೈರಿಂಗ್ ಯಾರು ಮಾಡಿದರು ಎಂದು. ಮನೆಯ 14.2 ಕೆಜಿ ಸಿಲಿಂಡರ್ ಒಳಗಿಟ್ಟುಕೊಂಡು ಓಡಾಡುವುದು ಆ ಹೊತ್ತಿಗೆ ನೀವೇ ಅವರ ಕೈಗೆ ಕೊಟ್ಟ ತಕರಾರು. ಇಂಡಕ್ಷನ್ ಒಲೆ ಸಾಕು. ಟ್ಯಾಂಕು ಸೋರಿ ಪ್ಲೈವುಡ್ ಊದಿಕೊಂಡದ್ದು ಸವೆತದ ಲೆಕ್ಕ, ಸಿಗುವುದಿಲ್ಲ. ಬಟ್ಟೆ, ಲ್ಯಾಪ್‌ಟಾಪ್, ಪಾತ್ರೆ ಕಳುವಾದರೂ ಮೋಟಾರ್ ಪಾಲಿಸಿ ಕೊಡುವುದಿಲ್ಲ; ಅದಕ್ಕೆ ಸಾಮಾನಿನ ವಿಮೆ ಬೇರೆ.

ಸಣ್ಣ ಡೆಂಟಿಗೆ ಕ್ಲೇಮ್ ಹಾಕಬೇಡಿ. ಕ್ಲೇಮ್ ಇಲ್ಲದ ವರ್ಷಗಳಿಗೆ ಬೋನಸ್ ಶೇ 20, 25, 35, 45, 50 ಎಂದು ಏರುತ್ತದೆ. ಮೇಲಿನ ₹34,251ರ ಲೆಕ್ಕದಲ್ಲಿ 50ರ ಬೋನಸ್ ಹೋದರೆ ಮುಂದಿನ ವರ್ಷ ಒಂದಕ್ಕೇ ಹದಿನೇಳು ಸಾವಿರ ಕೈಬಿಡುತ್ತದೆ, ಜಿಎಸ್‌ಟಿ ಬೇರೆ. ಅವಧಿ ಮುಗಿದು 90 ದಿನ ದಾಟಿದರೂ ಬೋನಸ್ ಹೋಗುತ್ತದೆ. ವರ್ಷಕ್ಕೆ ನಾಲ್ಕು ತಿಂಗಳು ಶೆಡ್ಡಿನಲ್ಲೇ ನಿಲ್ಲುವ ಕ್ಯಾರವಾನಿಗೆ ಈ ಮರೆವು ಸಹಜ.

ಲೈಸೆನ್ಸಿನ ಗೊಂದಲ ಈಗ ಕಡಿಮೆ. 7,500 ಕೆಜಿ ಒಳಗಿನ ಸಾರಿಗೆ ವಾಹನವನ್ನೂ ಲಘು ವಾಹನದ ಲೈಸೆನ್ಸಿನಲ್ಲಿ ಓಡಿಸಬಹುದೆಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2024ರ ನವೆಂಬರಿನಲ್ಲಿ ಖಚಿತಪಡಿಸಿದೆ. ಟ್ರಾವೆಲರ್ ಆ ಮಿತಿಯೊಳಗಿದೆ.

₹50,000 ಮತ್ತು ಮೇಲ್ಪಟ್ಟ ನಷ್ಟಕ್ಕೆ ಪರವಾನಗಿ ಇರುವ ಸರ್ವೇಯರ್ ಬರಲೇಬೇಕು. ಅವರು ಬರುವ ಮುಂಚೆ ಗಾಡಿ ಬಿಚ್ಚಿಸಬೇಡಿ. ಕ್ಲೇಮ್ ತಿರಸ್ಕಾರವಾದರೆ ಮೊದಲು ಕಂಪನಿಯ ದೂರು ವಿಭಾಗಕ್ಕೆ ಬರೆಯಿರಿ. ತಿಂಗಳೊಳಗೆ ಸರಿಹೋಗದಿದ್ದರೆ ಬೆಂಗಳೂರಿನ ವಿಮಾ ಒಂಬುಡ್ಸ್‌ಮನ್. ಶುಲ್ಕವಿಲ್ಲ, ವಕೀಲರು ಬೇಡ, 50 ಲಕ್ಷದವರೆಗಿನ ವ್ಯಾಜ್ಯ ಅಲ್ಲಿ ನಡೆಯುತ್ತದೆ.

ಕೊಲ್ಹಾಪುರ, ಪುಣೆ ಕಡೆಯಿಂದ ತಯಾರಾದ ಸೆಕೆಂಡ್ ಹ್ಯಾಂಡ್ ಕ್ಯಾರವಾನ್ ತರುವವರು ಗಮನಿಸಿ: ಥರ್ಡ್ ಪಾರ್ಟಿ ಭಾಗ ಗಾಡಿಯ ಜೊತೆ ತಾನಾಗಿ ಬರುತ್ತದೆ, ಸ್ವಂತ ನಷ್ಟದ ಭಾಗ ಬರುವುದಿಲ್ಲ. ಖರೀದಿಯಾದ 14 ದಿನದೊಳಗೆ ಕಂಪನಿಗೆ ಅರ್ಜಿ ಕೊಟ್ಟು ಪಾಲಿಸಿ ನಿಮ್ಮ ಹೆಸರಿಗೆ ಮಾಡಿಸಿ. ಹಳೆಯ ಮಾಲೀಕರ ಬೋನಸ್ ಅವರದ್ದೇ; ಅದರ ವ್ಯತ್ಯಾಸದ ಹಣ ನೀವು ಕಟ್ಟಬೇಕು, ವ್ಯವಹಾರ ಮಾತಾಡುವಾಗಲೇ ಅದನ್ನು ಗಾಡಿಯ ಬೆಲೆಯಲ್ಲಿ ಮುರಿದುಕೊಳ್ಳಿ.