ವಯಸ್ಕರ ಶಿಕ್ಷಣದ ಬೋಧಕರೇ, ಆ ‘ಲೈವ್’ ಕಾರ್ಯಾಗಾರಕ್ಕೆ ದುಡ್ಡು ಕಟ್ಟುವ ಮುಂಚೆ ಇದನ್ನು ಓದಿ

ನಾವು ಕೆಲವು ಬೋಧಕರು ದುಡ್ಡು ಕಟ್ಟಿ ಸೇರಿದ ಆನ್‌ಲೈನ್ ತರಬೇತಿಯ ಪೋಸ್ಟರ್‌ನಲ್ಲಿ ಇದ್ದದ್ದು ಇಷ್ಟು: ಆರು ಸೆಷನ್, ಒಂದೊಂದು ಎರಡು ಗಂಟೆ, ಒಟ್ಟು 12 ಗಂಟೆಯ ಲೈವ್ ಕಾರ್ಯಾಗಾರ. ಚಿಕ್ಕ ಗುಂಪು. ಬ್ರೇಕೌಟ್ ರೂಮ್, ಅಂದರೆ ಸಣ್ಣ ಸಣ್ಣ ಗುಂಪಾಗಿ ಕೂರುವ ಆನ್‌ಲೈನ್ ಕೋಣೆ. ಪ್ರತಿಯೊಬ್ಬರಿಗೂ ಮೈಕ್ರೋ ಟೀಚಿಂಗ್ (ಚಿಕ್ಕ ಅಭ್ಯಾಸ ಪಾಠ), ಅದಕ್ಕೆ ಪರಿಣತರ ಫೀಡ್‌ಬ್ಯಾಕ್. ಕ್ಯೂಆರ್ ಕೋಡ್ ಇರುವ ‘ಅಂತರರಾಷ್ಟ್ರೀಯ’ ಸರ್ಟಿಫಿಕೇಟ್.

ಸಿಕ್ಕಿದ್ದು ಆರು ರೆಕಾರ್ಡಿಂಗ್. ಒಂದೊಂದೂ 50 ನಿಮಿಷ. ಸರ್ಟಿಫಿಕೇಟ್ ಬೇಕಾದರೆ ಇನ್ನೊಂದು ಸಲ ದುಡ್ಡು.

ಸಂಸ್ಥೆಯ ಹೆಸರು ಹಾಕುತ್ತಿಲ್ಲ. ಹಾಕಿದರೂ ಹೆಚ್ಚು ಉಪಯೋಗವಿಲ್ಲ, ಇದೇ ಪಿಪಿಟಿ, ಇದೇ ದನಿ ಈಗ ಬೇರೆ ಹೆಸರಿನ ಬ್ಯಾನರ್ ಕೆಳಗೆ ಓಡುತ್ತಿದೆ. ಆದ್ದರಿಂದ ಹೆಸರಿಗಿಂತ ಗುರುತುಗಳನ್ನು ಬರೆಯುತ್ತೇನೆ, ಎಲ್ಲಿ ಕಂಡರೂ ಹಿಡಿಯಬಹುದು.

ಗೊತ್ತಾದದ್ದು ಎರಡನೇ ಸೆಷನ್‌ನಲ್ಲಿ. ಪರದೆಯ ಮೇಲಿದ್ದ ಸಂಪನ್ಮೂಲ ವ್ಯಕ್ತಿ ಕೇಳಿದರು: “ನಿಮ್ಮ ತರಗತಿಯಲ್ಲಿ ಅರ್ಧಕ್ಕೇ ಬಿಟ್ಟುಹೋಗೋರು ಇದಾರಾ? ಇದ್ರೆ ಚಾಟ್‌ನಲ್ಲಿ ಎಸ್ ಅಂತ ಹಾಕಿ.” ಎರಡು ಕ್ಷಣ ಸುಮ್ಮನಿದ್ದರು. ಆಮೇಲೆ ನಕ್ಕು, “ಓ, ತುಂಬಾ ಜನ ಎಸ್ ಅಂತ ಹಾಕ್ತಿದೀರಿ, ಸೂಪರ್, ಸೂಪರ್!”

ನಮಗೆ ಚಾಟ್ ತೆರೆದೇ ಇರಲಿಲ್ಲ! ಟೈಪ್ ಮಾಡುವ ಜಾಗ ಬೂದು ಬಣ್ಣದಲ್ಲಿ ಸತ್ತು ಬಿದ್ದಿತ್ತು. ಒಬ್ಬರೂ ಒಂದಕ್ಷರ ಹಾಕಲು ಸಾಧ್ಯವಿರಲಿಲ್ಲ. ಹಾಗಾದರೆ ಆ ‘ತುಂಬಾ ಜನ’ ಯಾರು? ಆಮೇಲೆ ಇನ್ನೂ ಒಂದು: “ಮೇಡಂ, ಒಳ್ಳೆ ಪ್ರಶ್ನೆ ಕೇಳಿದ್ರಿ” ಅಂತ ಯಾರೂ ಕೇಳದ ಪ್ರಶ್ನೆಗೆ ನಾಲ್ಕು ನಿಮಿಷ ಉತ್ತರ ಕೊಟ್ಟರು. ಆಗ ಅವರು ಹಂಚಿಕೊಂಡಿದ್ದ ಸ್ಕ್ರೀನಿನ ಕೆಳಮೂಲೆಗೆ ಕಣ್ಣು ಹೋಯಿತು. ಕಂಪ್ಯೂಟರಿನ ದಿನಾಂಕ ಅಲ್ಲೇ ಕೂತಿತ್ತು, ಹಿಂದಿನ ವರ್ಷದ್ದು. ಅದನ್ನು ಮುಚ್ಚುವ ಕಷ್ಟವನ್ನೂ ತೆಗೆದುಕೊಂಡಿಲ್ಲ. ವಯಸ್ಕರಿಗೆ ಪಾಠ ಮಾಡುವವರು, ದಿನಾ ಹತ್ತು ಜನರ ಮುಖ ನೋಡಿ ಯಾರಿಗೆ ಅರ್ಥವಾಯಿತು ಯಾರಿಗೆ ಇಲ್ಲ ಅಂತ ಹೇಳಬಲ್ಲವರು, ಕೈಯಲ್ಲಿ ಪೆನ್ನು ಹಿಡಿದು ಹಳೇ ವಿಡಿಯೋಗೆ ತಲೆ ಆಡಿಸುತ್ತಾ ಕೂತಿದ್ದೆವು. ನಾಚಿಕೆಯಾಗುತ್ತೆ ಬರೆಯೋಕೆ. ಆದರೂ ಬರೀಬೇಕು.

ಈ ಮೋಸ ಮೊದಲ ಐದು ನಿಮಿಷದಲ್ಲೇ ಹಿಡಿಯಬಹುದು. ಝೂಮ್‌ನಲ್ಲಿ ಮೀಟಿಂಗ್ ಬೇರೆ, ವೆಬಿನಾರ್ ಬೇರೆ. ಮೀಟಿಂಗ್ ಆದರೆ ನಿಮ್ಮ ಮೈಕ್, ಕ್ಯಾಮೆರಾ ಬಟನ್ ನಿಮಗೆ ಕಾಣುತ್ತೆ, ಯಾರು ಯಾರು ಇದ್ದಾರೆ ಅನ್ನುವ ಪಟ್ಟಿಯೂ ಕಾಣುತ್ತೆ. ವೆಬಿನಾರ್‌ನಲ್ಲಿ ನೀವು ಬರೀ ನೋಡುಗರು: ಕ್ಯಾಮೆರಾ ಇಲ್ಲ, ಉಳಿದವರ ಪಟ್ಟಿ ಇಲ್ಲ, ಆತಿಥೇಯರು ಬಿಟ್ಟರೆ ಮಾತ್ರ ಮಾತು. ಬ್ರೇಕೌಟ್ ರೂಮ್ ಅನ್ನುವುದು ಮೀಟಿಂಗಿನ ಸೌಲಭ್ಯ. ಬ್ರೇಕೌಟ್ ರೂಮ್ ಇದೆ ಅಂತ ಹೇಳಿ ವೆಬಿನಾರ್ ಲಿಂಕ್ ಕಳಿಸಿದರೆ ಅಲ್ಲಿಗೇ ಅರ್ಥಮಾಡಿಕೊಳ್ಳಿ. ಇನ್ನು ಕೆಲವರು ಝೂಮ್ ಕೂಡ ಬಳಸುವುದಿಲ್ಲ, ತಮ್ಮದೇ ಪುಟದಲ್ಲಿ ವಿಡಿಯೋ ಹಾಕಿ ಮೂಲೆಯಲ್ಲಿ ‘ಲೈವ್’ ಅಂತ ಕೆಂಪು ಚುಕ್ಕೆ ಮಿನುಗಿಸುತ್ತಾರೆ, ಪಕ್ಕದಲ್ಲಿ ಮೊದಲೇ ಬರೆದಿಟ್ಟ ಚಾಟ್ ಸಂದೇಶಗಳು ತಾವಾಗಿ ಉರುಳುತ್ತಿರುತ್ತವೆ. ಪರೀಕ್ಷಿಸೋದು ಸುಲಭ: ಅವತ್ತಿನ ಯಾವುದಾದರೂ ವಿಷಯ ಹೇಳಿ ಅದಕ್ಕೆ ಬಾಯಲ್ಲಿ ಉತ್ತರ ಕೇಳಿ. ಬಂತೋ ಇಲ್ಲವೋ ನೋಡಿ.

ಈಗ ಅವರ ಉತ್ತರಗಳು. ಇವನ್ನು ಓದಿದರೆ ರಕ್ತ ಕುದಿಯುತ್ತೆ.

ರೆಕಾರ್ಡಿಂಗ್ ಯಾಕೆ ಅಂತ ಕೇಳಿದ್ದಕ್ಕೆ: “ಸರ್, ಪಾಠ ಮೊದಲೇ ರೆಕಾರ್ಡ್ ಆಗಿರಬಹುದು, ಆದ್ರೆ ನೀವು ನೋಡಿದ್ದು ಲೈವ್ ಆಗೇ ಅಲ್ವಾ?”

ಇದನ್ನು ಎರಡು ಸಲ ಓದಿದೆವು. ನೋಡಿದ್ದು ಲೈವ್ ಆಗಿ! ಹಾಗೆ ನೋಡಿದರೆ ಜಗತ್ತಿನಲ್ಲಿ ಯಾವುದು ಲೈವ್ ಅಲ್ಲ?

ಬ್ರೇಕೌಟ್ ರೂಮ್ ಯಾವಾಗ ಅಂದರೆ: “ಅದು ಪ್ರೀಮಿಯಂ ಬ್ಯಾಚಲ್ಲಿ ಇರುತ್ತೆ ಮೇಡಂ. ಅಪ್‌ಗ್ರೇಡ್ ಲಿಂಕ್ ಕಳಿಸ್ಲಾ?” ಪೋಸ್ಟರಿನಲ್ಲಿ ಪ್ರೀಮಿಯಂ ಅನ್ನುವ ಪದವೇ ಇರಲಿಲ್ಲ. ಪೋಸ್ಟರ್ ತೋರಿಸೋಣ ಅಂತ ಪುಟ ತೆರೆದರೆ ‘ಲೈವ್’ ಹೋಗಿ ‘ಇಂಟರಾಕ್ಟಿವ್’ ಅಂತಾಗಿತ್ತು, ‘ಚಿಕ್ಕ ಗುಂಪು’ ಅನ್ನುವ ಸಾಲೇ ಮಾಯ. ಗುಂಪಿನ ಒಬ್ಬರ ಫೋನಿನಲ್ಲಿ ಹಳೇ ಸ್ಕ್ರೀನ್‌ಶಾಟ್ ಉಳಿದಿತ್ತು, ಅದನ್ನು ಕಳಿಸಿದ್ದಕ್ಕೆ ಬಂದ ಉತ್ತರ: “ಅದು ಡಿಸೈನರ್ ಮಿಸ್ಟೇಕ್ ಸರ್.”

ಮೈಕ್ರೋ ಟೀಚಿಂಗ್ ಕತೆ ಇದಕ್ಕಿಂತ ಚೆನ್ನಾಗಿದೆ. 1960ರ ದಶಕದಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಡ್ವೈಟ್ ಆಲನ್ ಮತ್ತು ಅವರ ಜೊತೆಗಾರರು ರೂಪಿಸಿದ ಪದ್ಧತಿ ಅದು. ಒಂದೇ ಒಂದು ಕೌಶಲ ಹಿಡಿದು ಐದರಿಂದ ಹತ್ತು ನಿಮಿಷ ಪಾಠ, ತಕ್ಷಣ ಫೀಡ್‌ಬ್ಯಾಕ್, ತಿದ್ದಿಕೊಂಡು ಅದೇ ಪಾಠ ಮತ್ತೆ. ಈ ‘ಮತ್ತೆ’ ಇಲ್ಲದಿದ್ದರೆ ಅದು ಬರೀ ಪ್ರದರ್ಶನ. ಆನ್‌ಲೈನಿನಲ್ಲಿ ಮಾಡಲು ಬರುತ್ತೆ, ಚೆನ್ನಾಗಿಯೇ ಬರುತ್ತೆ: 24 ಜನ, ನಾಲ್ವರಂತೆ ಆರು ರೂಮ್, ರೂಮಿಗೊಬ್ಬ ಸಹಾಯಕ. ಒಬ್ಬರಿಗೆ 7 ನಿಮಿಷ ಪಾಠ, 5 ನಿಮಿಷ ಮಾತುಕತೆ, ಅಂದರೆ 12 ನಿಮಿಷ. ನಾಲ್ವರಿಗೆ 48 ನಿಮಿಷ. ಅಷ್ಟೇ ಹೊತ್ತು ಮರುಪಾಠಕ್ಕೆ. ಎರಡು ಗಂಟೆಯ ಸೆಷನ್ನಿನಲ್ಲಿ ಮುಗಿದು ಇನ್ನೂ 24 ನಿಮಿಷ ಉಳಿಯುತ್ತೆ, ರೂಮಿಗೆ ಕಳಿಸಿ ವಾಪಸ್ ಕರೆಯೋಕೆ, ಯಾರದ್ದೋ ಮೈಕ್ ಸರಿಮಾಡೋಕೆ ಅದು ಬೇಕೇ ಬೇಕು. ಈಗ ಒಂದೇ ಬ್ಯಾಚಿಗೆ 300 ಜನ ಸೇರಿಸಿಕೊಂಡರೆ ಅಂತ ಲೆಕ್ಕ ಹಾಕಿ. ಒಬ್ಬೊಬ್ಬರಿಗೆ 12 ನಿಮಿಷ ಅಂದರೂ 3600 ನಿಮಿಷ, ಅಂದರೆ 60 ಗಂಟೆ, ಅದೂ ಮರುಪಾಠ ಬಿಟ್ಟು. ಒಬ್ಬರೇ ಸಂಪನ್ಮೂಲ ವ್ಯಕ್ತಿ. 12 ಗಂಟೆಯ ಕಾರ್ಯಾಗಾರ. ಪೋಸ್ಟರ್ ಬರೆದವರಿಗೆ ಭಾಗಾಕಾರ ಬರಲ್ಲ ಅಂತಲ್ಲ, ನಾವು ಮಾಡಿ ನೋಡಲ್ಲ ಅಂತ ಅವರಿಗೆ ಗೊತ್ತು.

ಕೊನೆಗೆ ಅವರು ಹೇಳಿದ್ದೇನು? “ಮನೇಲೇ ವಿಡಿಯೋ ಮಾಡಿ ಅಪ್‌ಲೋಡ್ ಮಾಡಿ, ಎಕ್ಸ್‌ಪರ್ಟ್ ನೋಡ್ತಾರೆ.” ಮಾಡಿದೆವು. ಫೀಡ್‌ಬ್ಯಾಕ್ ಬಂತು: “ಒಳ್ಳೆಯ ಪ್ರಯತ್ನ. ಧ್ವನಿ ಸ್ಪಷ್ಟವಾಗಿದೆ. ವಿದ್ಯಾರ್ಥಿಗಳ ಕಡೆ ನೋಟ ಇನ್ನೂ ಸುಧಾರಿಸಬಹುದು.” ಎಲ್ಲರಿಗೂ ಇದೇ ಮೂರು ಸಾಲು. ಗುಂಪಿನ ಒಬ್ಬರ ವಿಡಿಯೋದಲ್ಲಿ ಆಡಿಯೋ ರೆಕಾರ್ಡ್ ಆಗಿರಲೇ ಇಲ್ಲ, ಮೂಕಿ ಚಿತ್ರ. ಅವರ ಧ್ವನಿಯೂ ಸ್ಪಷ್ಟವಾಗಿದೆಯಂತೆ.

ಪಾಠದ ಹೂರಣಕ್ಕೆ ಬರೋಣ, ನನಗೆ ಹೆಚ್ಚು ಸಿಟ್ಟು ಇರುವುದು ಇಲ್ಲೇ. ಮಕ್ಕಳ ಶಾಲೆಯ ಶಿಕ್ಷಕರಿಗೆ ಮಾಡಿದ್ದ ಪಿಪಿಟಿಗೆ ಮೊದಲ ಸ್ಲೈಡಿನಲ್ಲಿ ‘ವಯಸ್ಕ’ ಅಂತ ಸೇರಿಸಿದ್ದಾರೆ. ಒಳಗೆ ನಕ್ಷತ್ರದ ಸ್ಟಿಕ್ಕರ್, ಚಪ್ಪಾಳೆ ಆಟ, “ಮಕ್ಕಳನ್ನು ಸಾಲಾಗಿ ನಿಲ್ಲಿಸಿ” ಅನ್ನುವ ಸೂಚನೆ ಹಾಗೇ ಇದೆ. ದಿನವಿಡೀ ದುಡಿದು ಸಂಜೆ ಬಂದು ಕೂರುವ ಐವತ್ತರ ಹೆಂಗಸಿಗೆ ನಕ್ಷತ್ರದ ಸ್ಟಿಕ್ಕರ್ ಅಂಟಿಸಿದರೆ ಮರುದಿನ ಬರುತ್ತಾರಾ?

ವಯಸ್ಕರ ಕಲಿಕೆಯ ಚಿಂತಕ ಮಾಲ್ಕಮ್ ನೋಲ್ಸ್ ಹೆಸರು ಒಂದು ಸ್ಲೈಡಿನಲ್ಲಿತ್ತು, ಫೋಟೋ ಸಮೇತ. ಅವರು ಹೇಳಿದ್ದು ಏನು ಅನ್ನೋದು ಇರಲಿಲ್ಲ. ಇದನ್ನು ಯಾಕೆ ಕಲೀಬೇಕು ಅನ್ನೋದು ವಯಸ್ಕರಿಗೆ ಮೊದಲು ತಿಳಿಯಬೇಕು, ಅವರ ಅನುಭವವೇ ಪಾಠದ ಸಾಮಗ್ರಿ, ಅವರು ಬರುವುದು ವಿಷಯಕ್ಕಾಗಿ ಅಲ್ಲ ಎದುರಿಗಿರುವ ಸಮಸ್ಯೆಗಾಗಿ. ಇಷ್ಟನ್ನಾದರೂ ಹೇಳಬಹುದಿತ್ತು. ಬ್ರೆಜಿಲಿನ ಶಿಕ್ಷಣ ಚಿಂತಕ ಪಾವ್ಲೊ ಫ್ರೆಯರ್ ಅವರಿಗೂ ಒಂದು ಫೋಟೋ. 1963ರಲ್ಲಿ ಬ್ರೆಜಿಲಿನ ಆಂಜಿಕೋಸ್ ಎಂಬಲ್ಲಿ ಸುಮಾರು 300 ದುಡಿಮೆಗಾರರಿಗೆ 40 ಗಂಟೆಗಳಲ್ಲಿ ಓದುಬರಹ ಕಲಿಸುವ ಪ್ರಯೋಗ ಅವರದ್ದು. ಅವರ ಪದ್ಧತಿಯಲ್ಲಿ ಕಲಿಯುವವರ ಬದುಕಿನ ಪದದಿಂದಲೇ ಶುರು, ಉದಾಹರಣೆಗೆ ಇಟ್ಟಿಗೆಯ ಪದವಾದ ‘ತಿಜೋಲೊ’, ಅದರ ಬಗ್ಗೆ ಮೊದಲು ಮಾತುಕತೆ, ಆಮೇಲೆ ಪದವನ್ನು ಒಡೆದು ಆ ತುಣುಕುಗಳ ಸರಣಿ, ಆ ಸರಣಿಯಿಂದ ಕಲಿಯುವವರೇ ಹೊಸ ಪದ ಕಟ್ಟುವುದು. ಕಾಗುಣಿತ ಗೊತ್ತಿರುವ ಯಾರಿಗಾದರೂ ಹತ್ತು ನಿಮಿಷದಲ್ಲಿ ಮಾಡಿ ತೋರಿಸಬಹುದಾದ ವಿಷಯ. ತೋರಿಸಲಿಲ್ಲ.

ಬದಲಿಗೆ ತೋರಿಸಿದ್ದು ಆ ಪ್ರಸಿದ್ಧ ಪಿರಮಿಡ್. ಓದಿದ್ದರಲ್ಲಿ 10%, ಕೇಳಿದ್ದರಲ್ಲಿ 20%, ಮಾಡಿದ್ದರಲ್ಲಿ 90% ನೆನಪಿರುತ್ತೆ, ‘ಎಡ್ಗರ್ ಡೇಲ್ ಸಂಶೋಧನೆ’ ಅಂತ. ಅಮೆರಿಕದ ಶಿಕ್ಷಣ ತಜ್ಞ ಡೇಲ್ 1946ರಲ್ಲಿ ಕೊಟ್ಟ, ಈ ಪಿರಮಿಡ್ಡಿಗೆ ಮೂಲವಾದ ಶಂಕುವಿನಲ್ಲಿ ಒಂದು ಸಂಖ್ಯೆಯೂ ಇಲ್ಲ! ಆ ಶೇಕಡಾವಾರುಗಳನ್ನು ಆಮೇಲೆ ಯಾರೋ ಅಂಟಿಸಿದ್ದು. ಮುಂದಿನ ಸ್ಲೈಡು, ‘ನೋಡಿ ಕಲಿಯುವವರು, ಕೇಳಿ ಕಲಿಯುವವರು’ ಅಂತ ವಿಂಗಡಿಸಿ ಪಾಠ ಮಾಡಿ. ಮನಶ್ಶಾಸ್ತ್ರಜ್ಞ ಹೆರಾಲ್ಡ್ ಪ್ಯಾಶ್ಲರ್ ಮತ್ತು ಸಂಗಡಿಗರು 2008ರಲ್ಲೇ ಅಧ್ಯಯನಗಳನ್ನು ಪರಿಶೀಲಿಸಿ, ಹಾಗೆ ಹೊಂದಿಸಿ ಕಲಿಸುವುದಕ್ಕೆ ಸಾಕಷ್ಟು ಪುರಾವೆ ಇಲ್ಲ ಅಂದಿದ್ದಾರೆ. ಈ ಎರಡು ಸ್ಲೈಡು ಒಂದೇ ಪಿಪಿಟಿಯಲ್ಲಿ ಕಂಡರೆ ಅದನ್ನು ಮಾಡಿದವರು ಎಲ್ಲಿಂದಲೋ ನಕಲು ಹೊಡೆದಿದ್ದಾರೆ ಅಂತಲೇ ನನ್ನ ತೀರ್ಮಾನ.

ನಮಗೆ ಬೇಕಿದ್ದದ್ದು ಬೇರೆ. ಬಾಯಿಲೆಕ್ಕ ಚಕಚಕ ಮಾಡುವವರು ಅಂಕಿ ಬರೆಯಲು ತಡವರಿಸುತ್ತಾರಲ್ಲ, ಅವರ ಬಾಯಿಲೆಕ್ಕದ ದಾರಿಯನ್ನೇ ಕಾಗದಕ್ಕೆ ಇಳಿಸುವುದು ಹೇಗೆ? ಪಾಳಿ ಕೆಲಸದವರು ವಾರದಲ್ಲಿ ಎರಡು ದಿನ ತಪ್ಪಿಸಿದರೆ ಪಾಠದ ಎಳೆ ತಪ್ಪದಂತೆ ಅದನ್ನು ಹೇಗೆ ಭಾಗ ಮಾಡಿಡಬೇಕು? ಒಬ್ಬರಿಗೆ ಅಕ್ಷರವೇ ಗೊತ್ತಿಲ್ಲ, ಪಕ್ಕದವರು ಏಳನೇ ತರಗತಿಗೆ ಬಿಟ್ಟವರು, ಇಬ್ಬರಿಗೂ ಒಂದೇ ಗಂಟೆ ಹೇಗೆ? ನಲವತ್ತು ದಾಟಿದವರಿಗೆ ಹತ್ತಿರದ ಅಕ್ಷರ ಮಸುಕಾಗುತ್ತೆ, ಅದು ‘ಕಲಿಕೆ ನಿಧಾನ’ ಅಲ್ಲ ಅಂತ ಗುರುತಿಸುವುದು ಹೇಗೆ? ಒಂದಕ್ಕೂ ಒಂದು ನಿಮಿಷ ಇಲ್ಲ.

ಸರ್ಟಿಫಿಕೇಟ್ ವಿಷಯ. ಮೊದಲು ಫೀಡ್‌ಬ್ಯಾಕ್ ಫಾರಂ ತುಂಬಿ ಅಂದರು. ಐದು ನಕ್ಷತ್ರಕ್ಕಿಂತ ಕಡಿಮೆ ಕೊಟ್ಟರೆ ಫಾರಂ ಮುಂದಕ್ಕೆ ಹೋಗಲ್ಲ, ಹಾಗೆ ಮಾಡಿಟ್ಟಿದ್ದಾರೆ. ಆಮೇಲೆ ‘ಪ್ರೊಸೆಸಿಂಗ್ ಶುಲ್ಕ’. ಕಟ್ಟಿದವರಿಗೆ ಬಂದ ಪಿಡಿಎಫ್‌ನಲ್ಲಿ ‘12 ಗಂಟೆ’ ಅಂತ ಇದೆ. 50 ನಿಮಿಷದ ಆರು ವಿಡಿಯೋ ಅಂದರೆ 300 ನಿಮಿಷ, ಐದು ಗಂಟೆ. ಉಳಿದ ಏಳು ಗಂಟೆ? “ಸೆಲ್ಫ್ ಸ್ಟಡಿ ಮೇಡಂ.” ಇದು ಸಣ್ಣ ವಿಷಯ ಅಲ್ಲ. ಆ ಕಾಗದವನ್ನು ನಿಮ್ಮ ಸಂಸ್ಥೆಗೆ ಕೊಟ್ಟರೆ ಸುಳ್ಳು ಗಂಟೆಗೆ ಉತ್ತರ ಹೇಳಬೇಕಾದವರು ನೀವು, ಅವರಲ್ಲ.

ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿದರೆ ಅವರ ಮುಖಪುಟ ತೆರೆಯುತ್ತೆ, ಅಷ್ಟೇ. ಇಬ್ಬರ ಸರ್ಟಿಫಿಕೇಟ್ ಪಕ್ಕಪಕ್ಕ ಇಟ್ಟು ಸ್ಕ್ಯಾನ್ ಮಾಡಿ, ಒಂದೇ ಲಿಂಕ್ ಬಂದರೆ ಅದು ಅಲಂಕಾರ. ಸರಿಯಾದದ್ದಾದರೆ ಹೆಸರು, ದಿನಾಂಕ, ಗಂಟೆ, ಕ್ರಮಸಂಖ್ಯೆ ಇರುವ ಪುಟ ತೆರೆಯಬೇಕು. ‘1.2 ಸಿಇಯು’ (ಮುಂದುವರಿದ ಶಿಕ್ಷಣವನ್ನು ಅಳೆಯುವ ಘಟಕ) ಅಂತಲೂ ಹಾಕಿದ್ದರು. 10 ಸಂಪರ್ಕ ಗಂಟೆಗೆ 1 ಸಿಇಯು, ಆ ಲೆಕ್ಕ ಸರಿ, ಆದರೆ ಸಂಪರ್ಕವೇ ಇಲ್ಲದ ಗಂಟೆಗೆ ಎಲ್ಲಿಯ ಸಿಇಯು? ಸಿಇಯುಗೆ ಮಾನದಂಡ ಇಡುವ ಐಎಸಿಇಟಿ ಸಂಸ್ಥೆಯ ಮಾನ್ಯತೆ ಇದೆ ಅಂದರೆ ಐಎಸಿಇಟಿ ವೆಬ್‌ಸೈಟಿನ ಪಟ್ಟಿಯಲ್ಲೇ ಇವರ ಹೆಸರು ಹುಡುಕಿ. ಯುನೆಸ್ಕೋ ಲಾಂಛನವನ್ನೂ ಮೂಲೆಯಲ್ಲಿ ಇಟ್ಟಿದ್ದರು. ಇಂಥ ಕೋರ್ಸುಗಳಿಗೆ ಮಾನ್ಯತೆ ಕೊಡುವುದು ಯುನೆಸ್ಕೋ ಕೆಲಸವೇ ಅಲ್ಲ, ಅದರ ಲಾಂಛನವನ್ನು ಅನುಮತಿ ಇಲ್ಲದೆ ಬಳಸುವಂತೆಯೂ ಇಲ್ಲ.

ರೀಫಂಡ್ ಕೇಳಿದಾಗ: “ಮೊದಲ ಸೆಷನ್ ಶುರುವಾದ ಮೇಲೆ ರೀಫಂಡ್ ಇಲ್ಲ, ಪಾಲಿಸಿ ಓದಿ.” ಸೆಷನ್ ಶುರುವಾಗದೆ ಅದು ರೆಕಾರ್ಡಿಂಗ್ ಅಂತ ಗೊತ್ತಾಗುವುದು ಹೇಗೆ ಸ್ವಾಮಿ? ಇದನ್ನೇ ಕೇಳಿದ್ದಕ್ಕೆ, “ಶಿಕ್ಷಕರಾಗಿ ನೀವು ಸ್ವಲ್ಪ ಪಾಸಿಟಿವ್ ಆಗಿ ಯೋಚಿಸ್ಬೇಕು ಸರ್.” ಆಮೇಲೆ ವಾಟ್ಸಾಪ್ ಗುಂಪಿನಿಂದಲೇ ತೆಗೆದರು. ಅಡ್ಮಿನ್ ಮಾತ್ರ ಬರೆಯಬಲ್ಲ ಗುಂಪು ಅದು, ಉಳಿದವರಿಗೆ ವಿಷಯ ತಿಳಿಯಲೂ ಇಲ್ಲ.

ದುಡ್ಡು ಕಟ್ಟುವ ಮುಂಚೆ ಇಷ್ಟು ಮಾಡಿ. ನಿಮಿಷವಾರು ಸೆಷನ್ ಯೋಜನೆ ಕೇಳಿ. ಒಂದು ಬ್ಯಾಚಿಗೆ ಗರಿಷ್ಠ ಎಷ್ಟು ಜನ, ಸಹಾಯಕರು ಎಷ್ಟು, ಮೀಟಿಂಗೋ ವೆಬಿನಾರೋ, ಇದೆಲ್ಲ ಇಮೇಲ್‌ನಲ್ಲೇ ಕೇಳಿ, ಫೋನಿನ ಮಾತು ನಂಬಬೇಡಿ. ಸಂಪನ್ಮೂಲ ವ್ಯಕ್ತಿ ಯಾವ ವಯಸ್ಕರ ತರಗತಿಯಲ್ಲಿ ಪಾಠ ಮಾಡಿದ್ದಾರೆ ಅಂತ ಕೇಳಿ, ‘20 ವರ್ಷ ಅನುಭವ’ ಅಂದರೆ ಯಾವುದರಲ್ಲಿ ಅಂತ ಕೇಳಿ. ಆ ಸರ್ಟಿಫಿಕೇಟನ್ನು ನಿಮ್ಮ ಸಂಸ್ಥೆ ಒಪ್ಪುತ್ತದೆಯೇ ಅಂತ ಸಂಸ್ಥೆಯಿಂದಲೇ ಬರಹದಲ್ಲಿ ತೆಗೆದುಕೊಳ್ಳಿ. ‘ಇನ್ನು 14 ನಿಮಿಷ ಮಾತ್ರ’ ಅನ್ನುವ ಟೈಮರ್ ಕಂಡರೆ ಅದೇ ಪುಟವನ್ನು ಖಾಸಗಿ ವಿಂಡೋದಲ್ಲಿ ತೆರೆಯಿರಿ. ಮತ್ತೆ ಮೊದಲಿನಿಂದ ಎಣಿಸಲು ಶುರುಮಾಡಿದರೆ ಪುಟ ಮುಚ್ಚಿ ಹೊರಡಿ.

ಈಗಾಗಲೇ ಕಟ್ಟಿದ್ದರೆ ಇವತ್ತೇ ಪೋಸ್ಟರ್ ಪುಟದ ಪೂರ್ತಿ ಸ್ಕ್ರೀನ್‌ಶಾಟ್ ತೆಗೆದಿಡಿ, ವೆಬ್ ವಿಳಾಸ ಮತ್ತು ದಿನಾಂಕ ಕಾಣುವ ಹಾಗೆ. ಅದೇ ಪುಟವನ್ನು ಇಂಟರ್ನೆಟ್ ಆರ್ಕೈವ್‌ನ ವೇಬ್ಯಾಕ್ ಮಷೀನ್‌ನಲ್ಲೂ ಉಳಿಸಿ, ಅಲ್ಲಿ ಉಳಿದ ಪ್ರತಿಯನ್ನು ಅವರು ತಮ್ಮ ಸೈಟಿನಿಂದ ತಿದ್ದಲಾಗದು. ಸೆಷನ್ನಿನಲ್ಲಿ ಚಾಟ್ ಮುಚ್ಚಿದ್ದರೆ ಅದರದ್ದೂ ಒಂದು ಚಿತ್ರ. ವಾಟ್ಸಾಪ್ ಗುಂಪಿನಿಂದ ಅವರು ತೆಗೆಯುವ ಮುಂಚೆಯೇ ಚಾಟ್ ಎಕ್ಸ್‌ಪೋರ್ಟ್ ಮಾಡಿಕೊಳ್ಳಿ. ಕಾರ್ಡಿನಲ್ಲಿ ಕಟ್ಟಿದ್ದರೆ ‘ಹೇಳಿದ ಸೇವೆ ಕೊಟ್ಟಿಲ್ಲ’ ಅಂತ ಬ್ಯಾಂಕಿಗೆ ಲಿಖಿತ ತಕರಾರು ಹಾಕಿ, ಇವೆಲ್ಲ ಜೊತೆಗಿಟ್ಟು. ಅದಕ್ಕೆ ಗಡುವು ಇರುತ್ತೆ, “ಮುಂದಿನ ವಾರ ಮ್ಯಾನೇಜರ್ ಫೋನ್ ಮಾಡ್ತಾರೆ” ಅಂತ ಅವರು ಹೇಳುತ್ತಾ ಇರುವುದು ಆ ಗಡುವು ದಾಟಲಿ ಅಂತಲೇ. ಪ್ರೊಸೆಸಿಂಗ್ ಶುಲ್ಕ ಮಾತ್ರ ಕಟ್ಟಬೇಡಿ. ಮತ್ತೆ ಆ ಐದು ನಕ್ಷತ್ರದ ಫಾರಂ ತುಂಬಬೇಡಿ, ನಾಳೆ ತಕರಾರು ಹಾಕಿದಾಗ ಬ್ಯಾಂಕಿಗೆ ಅವರು ಮೊದಲು ಕಳಿಸುವುದು ಅದನ್ನೇ.