ಸಿಯಾಟಲ್‌ನಲ್ಲಿ ಕೂತು, ಪೋರ್ಟ್‌ಲ್ಯಾಂಡ್‌ನಲ್ಲಿ ನಿಂತು ನೋಡಿದ ಸಾಕರ್

ಅಮ್ಮ ಹಾಸನದಿಂದ ಬಂದಿದ್ದಾಗ ಅವರನ್ನು ಸಿಯಾಟಲ್ ಸೌಂಡರ್ಸ್ ತಂಡದ ಸಾಕರ್ (ನಮ್ಮ ಕಡೆಯ ಫುಟ್‌ಬಾಲ್) ಪಂದ್ಯಕ್ಕೆ ಕರೆದುಕೊಂಡು ಹೋಗಿದ್ದೆವು. ಆಟ ಶುರುವಾಗಿ ಹತ್ತು ನಿಮಿಷ ಆಗಿರಬಹುದು. ಗೋಲಿನ ಹಿಂದಿನ ಗ್ಯಾಲರಿಯಲ್ಲಿ ಜನ ಎದ್ದು ನಿಂತು ಒಂದೇ ಸಮನೆ ಹಾಡುತ್ತಿದ್ದರು. ಅಮ್ಮ ಮೈದಾನ ನೋಡುವುದು ಬಿಟ್ಟು ಅವರನ್ನೇ ನೋಡುತ್ತಾ ಕೇಳಿದರು, "ಇಷ್ಟು ಜನಕ್ಕೆ ಈ ಹಾಡು ಯಾರೇ ಹೇಳಿಕೊಟ್ಟಿದ್ದು?"

ಆಗ ನನ್ನ ಹತ್ತಿರ ಉತ್ತರ ಇರಲಿಲ್ಲ. ಆಮೇಲೆ ಸಿಯಾಟಲ್‌ನಲ್ಲಿ ಏಳೆಂಟು, ಪೋರ್ಟ್‌ಲ್ಯಾಂಡ್‌ನಲ್ಲಿ ಮೂರು ಪಂದ್ಯ ನೋಡಿದೆ. ಸಿಯಾಟಲ್ ಪಕ್ಕದ ನಮ್ಮ ರೆಡ್ಮಂಡ್ ಕಡೆಯ ಕನ್ನಡದವರು ಆಗಾಗ ಕೇಳುತ್ತಾರೆ, "ಒಂದೇ ಒಂದು ಮ್ಯಾಚ್ ನೋಡೋದಾದ್ರೆ ಎಲ್ಲಿಗೆ ಹೋಗೋಣ?" ಅಂತ. ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಬರೀ ತಲೆ ಎಣಿಸಿದರೆ ಸಿಯಾಟಲ್ ಮುಂದೆ ಪೋರ್ಟ್‌ಲ್ಯಾಂಡ್ ನಿಲ್ಲುವುದೇ ಇಲ್ಲ. ಸೌಂಡರ್ಸ್ 2009ರಲ್ಲಿ ಮೇಜರ್ ಲೀಗ್ ಸಾಕರ್‌ಗೆ ಬಂತು. 2015ರಲ್ಲಿ ಒಂದು ಪಂದ್ಯಕ್ಕೆ ಸರಾಸರಿ 44,000ಕ್ಕೂ ಜಾಸ್ತಿ ಜನ. 2019ರ ಫೈನಲ್‌ನಲ್ಲಿ ಟೊರೊಂಟೊವನ್ನು 3-1ರಿಂದ ಸೋಲಿಸಿದಾಗ ಗ್ಯಾಲರಿಯಲ್ಲಿ 69,274 ಮಂದಿ. 2022ರಲ್ಲಿ ಮೆಕ್ಸಿಕೊದ ಪೂಮಾಸ್ ತಂಡವನ್ನು ಸೋಲಿಸಿ ಉತ್ತರ ಅಮೆರಿಕದ ಕಡೆಯ ಕ್ಲಬ್ಬುಗಳ ಕಾನ್ಕಕಾಫ್ ಚಾಂಪಿಯನ್ಸ್ ಲೀಗ್ ಗೆದ್ದ ರಾತ್ರಿ 68,741. ಪೋರ್ಟ್‌ಲ್ಯಾಂಡ್ ಟಿಂಬರ್ಸ್ ಲೀಗಿಗೆ ಬಂದದ್ದು 2011ರಲ್ಲಿ. ಅವರ ಪ್ರಾವಿಡೆನ್ಸ್ ಪಾರ್ಕಿನಲ್ಲಿ ಹಿಡಿಸುವುದೇ 25,218 ಜನ. ಅದೂ 2019ರಲ್ಲಿ ಪೂರ್ವದ ಕಡೆ ಹೊಸ ಗ್ಯಾಲರಿ ಕಟ್ಟಿದ ಮೇಲೆ.

ಒಂದು ಮಾತು ನೆನಪಿಟ್ಟುಕೊಳ್ಳಿ. ಈ ಲೀಗ್‌ನಲ್ಲಿ ಮೈಕಿನಲ್ಲಿ ಹೇಳುವ ಸಂಖ್ಯೆ ಟಿಕೆಟಿನ ಲೆಕ್ಕ. ಟಿಕೆಟ್ ಇಟ್ಟುಕೊಂಡು ಮನೆಯಲ್ಲೇ ಉಳಿದವರೂ ಅದರಲ್ಲಿ ಸೇರಿರುತ್ತಾರೆ. ಅದಕ್ಕೇ ನಾನು ಸಂಖ್ಯೆಗಿಂತ ಸದ್ದನ್ನು ಜಾಸ್ತಿ ನಂಬುತ್ತೇನೆ.

ಸಿಯಾಟಲ್‌ನಲ್ಲಿ ನನಗೆ ತುಂಬಾ ಇಷ್ಟವಾಗುವುದು ಪಂದ್ಯಕ್ಕೆ ಮುಂಚಿನ ನಡಿಗೆ. ಪಯೊನೀರ್ ಸ್ಕ್ವೇರ್‌ನ ಹಳೇ ಇಟ್ಟಿಗೆ ಕಟ್ಟಡಗಳ ನಡುವೆ ಆಕ್ಸಿಡೆಂಟಲ್ ಸ್ಕ್ವೇರ್ ಅಂತ ಒಂದು ಜಾಗ ಇದೆ. ಅಲ್ಲಿ ಹಸಿರು ಸ್ಕಾರ್ಫ್ ಹಾಕಿಕೊಂಡವರೆಲ್ಲ ಸೇರಿ, ಡ್ರಮ್ ಬಾರಿಸುತ್ತಾ ಲುಮೆನ್ ಫೀಲ್ಡ್‌ವರೆಗೆ ನಡೆಯುತ್ತಾರೆ. ಟಿಕೆಟ್ ಇಲ್ಲದವರೂ ಸೇರಬಹುದು. ಅಜ್ಜ, ಅಜ್ಜಿ, ತಳ್ಳುಗಾಡಿಯಲ್ಲಿ ಮಗು, ಎಲ್ಲರೂ ಇರುತ್ತಾರೆ. ನಮ್ಮೂರ ತೇರಿನ ಹಿಂದೆ ನಡೆದ ಹಾಗೆ ಅಮ್ಮ ಕೂಡ ಆರಾಮಾಗಿ ನಡೆದರು.

ಒಳಗೆ ಹೋದ ಮೇಲೆ ಕಥೆ ಸ್ವಲ್ಪ ಬೇರೆ. ಅದು ಸೀಹಾಕ್ಸ್‌ನವರ ಅಮೆರಿಕನ್ ಫುಟ್‌ಬಾಲಿಗೂ ಸೇರಿದ ದೊಡ್ಡ ಕ್ರೀಡಾಂಗಣ. ಮಾಮೂಲಿ ಸಾಕರ್ ಪಂದ್ಯಕ್ಕೆ ಮೇಲಿನ ಅಂತಸ್ತು ಹೆಚ್ಚಾಗಿ ಮುಚ್ಚಿರುತ್ತದೆ. ಬೇರೆ ಊರಲ್ಲಾದರೆ ಕಾಲಿಡಲು ಜಾಗ ಇಲ್ಲ ಅನ್ನಿಸುವ 30,000 ಜನ ಇಲ್ಲಿ ಹರಡಿಕೊಂಡು ಕೂತ ಹಾಗೆ ಕಾಣುತ್ತಾರೆ. ದಕ್ಷಿಣದ ತುದಿಯಲ್ಲಿ ಎಮರಾಲ್ಡ್ ಸಿಟಿ ಸಪೋರ್ಟರ್ಸ್ ಅನ್ನುವ ಅಭಿಮಾನಿಗಳ ಗುಂಪು ಪೂರ್ತಿ ತೊಂಬತ್ತು ನಿಮಿಷ ಹಾಡುತ್ತದೆ. ಉಳಿದ ಕಡೆ ಜನ ಕೂತು ನೋಡುತ್ತಾರೆ, ಗೋಲು ಬಿದ್ದಾಗ ಏಳುತ್ತಾರೆ. ಮೈಕಿನಲ್ಲಿ "ಜೋರ್ಡನ್" ಅಂದರೆ ಎಲ್ಲರೂ "ಮೋರಿಸ್!" ಅಂತ ಕೂಗುತ್ತಾರೆ. ತಂಡದ ಆಟಗಾರ ಮೋರಿಸ್ ಪಕ್ಕದ ಮರ್ಸರ್ ಐಲ್ಯಾಂಡ್‌ನ ಹುಡುಗ ಆದ್ದರಿಂದ ಆ ಕೂಗಿನಲ್ಲಿ ಮನೆಮಗನ ಮೇಲಿನ ಪ್ರೀತಿ ಕೇಳಿಸುತ್ತದೆ.

ಸೌಂಡರ್ಸ್ ಅಭಿಮಾನಿಗಳ ಕೈಯಲ್ಲಿ ಬೇರೆಲ್ಲೂ ಸುಲಭಕ್ಕೆ ಸಿಗದ ಒಂದು ಅಧಿಕಾರ ಇದೆ. ತಂಡದ ಪಾಲುದಾರರಲ್ಲಿ ಒಬ್ಬರಾದ ನಟ ಡ್ರೂ ಕೇರಿ ಮೊದಲೇ ಹಟ ಹಿಡಿದು ಮಾಡಿಸಿದ್ದು ಅದು. ನಾಲ್ಕು ವರ್ಷಕ್ಕೊಮ್ಮೆ ಜನರಲ್ ಮ್ಯಾನೇಜರ್ ಇರಬೇಕೋ ಬೇಡವೋ ಅಂತ ಅಭಿಮಾನಿಗಳು ಓಟು ಹಾಕುತ್ತಾರೆ. 2012ರಲ್ಲಿ ಮೊದಲ ಸಲ ಓಟು ನಡೆಯಿತು. ಇದನ್ನು ನಾನು ತುಂಬಾ ಮೆಚ್ಚುತ್ತೇನೆ.

ಇನ್ನು ಪೋರ್ಟ್‌ಲ್ಯಾಂಡ್. ಸಿಯಾಟಲ್‌ನ ಕಿಂಗ್ ಸ್ಟ್ರೀಟ್ ಸ್ಟೇಷನ್ನಿನಿಂದ ಆಮ್‌ಟ್ರಾಕ್ ಕ್ಯಾಸ್ಕೇಡ್ಸ್ ರೈಲು ಹತ್ತಿದರೆ ಸುಮಾರು ಮೂರೂವರೆ ಗಂಟೆ. ಅಲ್ಲಿಂದ ಮ್ಯಾಕ್ಸ್ ರೈಲು ಕ್ರೀಡಾಂಗಣದ ಬಾಗಿಲಲ್ಲೇ ಇಳಿಸುತ್ತದೆ. 1926ರಲ್ಲಿ ತೆರೆದ ಕ್ರೀಡಾಂಗಣ ಅದು, ಊರಿನ ನಟ್ಟನಡುವೆ ಇದೆ. ಮೈದಾನ ರಸ್ತೆಗಿಂತ ತಗ್ಗಿನಲ್ಲಿದೆ. ಫುಟ್‌ಪಾತಿನಲ್ಲಿ ನಡೆಯುತ್ತಿದ್ದವಳು ಕಂಬಿಯ ಆಚೆ ಬಗ್ಗಿ ನೋಡಿದರೆ ಕೆಳಗೆ ಹಸಿರು ಹಾಸು! ಪೆಲೆ ಕೊನೆಯ ಸ್ಪರ್ಧಾತ್ಮಕ ಪಂದ್ಯ ಆಡಿದ್ದು ಇಲ್ಲೇ, 1977ರ ಆಗಸ್ಟ್ 28ರಂದು. ಅವರ ನ್ಯೂಯಾರ್ಕ್ ಕಾಸ್ಮೋಸ್ 2-1ರಿಂದ ಸೋಲಿಸಿದ ತಂಡ ಆಗಿನ ಸಿಯಾಟಲ್ ಸೌಂಡರ್ಸ್. ಸಿಯಾಟಲ್, ಪೋರ್ಟ್‌ಲ್ಯಾಂಡ್ ನಡುವಿನ ಪೈಪೋಟಿಯೂ ಆ ಕಾಲದಿಂದಲೇ ಇದೆ.

ಉತ್ತರದ ತುದಿ ಟಿಂಬರ್ಸ್ ಆರ್ಮಿ ಅನ್ನುವ ಅಭಿಮಾನಿಗಳ ಗುಂಪಿನದು. ಅಲ್ಲಿ ಇಂಥದೇ ಸೀಟು ಅಂತ ಇಲ್ಲ, ಮುಂಚೆ ಬಂದವರಿಗೆ ಮುಂದಿನ ಜಾಗ. ಕೊನೆವರೆಗೂ ನಿಂತೇ ಇರಬೇಕು. ರಾಷ್ಟ್ರಗೀತೆಯನ್ನು ಗ್ಯಾಲರಿಯೇ ಹಾಡಿದ್ದೂ ಉಂಟು. ಅಗಲವಾದ ಬಣ್ಣದ ಬಟ್ಟೆಗಳನ್ನು ಹೊಲಿದು, ಚಿತ್ರ ಬರೆದು ತರುವವರೂ ಅಭಿಮಾನಿಗಳೇ. ಸಂಬಳದ ಮಾತಿಲ್ಲ. ಅದಕ್ಕೆಂದು ಅವರೇ ಒಂದು ಸಂಘ ಕಟ್ಟಿಕೊಂಡಿದ್ದಾರೆ. 107ನೇ ಬ್ಲಾಕಿನಿಂದ ಶುರುವಾದ ಗುಂಪಾದ್ದರಿಂದ ಸಂಘದ ಹೆಸರಲ್ಲೂ ಆ ಸಂಖ್ಯೆ ಇದೆ.

ನಾವು ಮೊದಲ ಸಲ ನಿಂತಾಗ ಮಗಳಿಗೆ ಒಂದು ಹಾಡೂ ಬರುತ್ತಿರಲಿಲ್ಲ. ಪಕ್ಕದಲ್ಲಿದ್ದ ಹೆಂಗಸು, ನನಗಿಂತ ದೊಡ್ಡವರು, ಬಗ್ಗಿ ಅವಳ ಕಿವಿಯಲ್ಲಿ ಒಂದೊಂದೇ ಸಾಲು ಹೇಳಿಕೊಟ್ಟರು. ಎರಡು ಸಲ ತಪ್ಪಿದಳು, ಮೂರನೇ ಸಲ ಜೋರಾಗಿ ಹಾಡಿದಳು. ಅಮ್ಮನ ಪ್ರಶ್ನೆಗೆ ಉತ್ತರ ನನಗೆ ಅಲ್ಲಿ ಸಿಕ್ಕಿತು.

ಅವತ್ತು ಟಿಂಬರ್ಸ್ ಗೋಲು ಹೊಡೆದರು. ಉತ್ತರದ ಗೋಲಿನ ಹಿಂದೆ ಒಂದು ದೊಡ್ಡ ಮರದ ದಿಮ್ಮಿ ಇಟ್ಟಿರುತ್ತಾರೆ. ತಂಡದ ಮಸ್ಕಾಟ್ ಟಿಂಬರ್ ಜೋಯಿ ಗರಗಸದ ಮೆಷಿನ್ ಚಾಲೂ ಮಾಡಿ ಅದರಿಂದ ಒಂದು ಬಿಲ್ಲೆ ಕೊಯ್ದ. ಮರದ ಹೊಟ್ಟು ಹಾರಿತು. ಹಸಿ ಮರದ ವಾಸನೆ, ಮೆಷಿನ್ನಿನ ಹೊಗೆ, ಎರಡೂ ನಾವಿದ್ದಲ್ಲಿಗೆ ಬಂದವು. ಪಂದ್ಯ ಮುಗಿದ ಮೇಲೆ ಆ ಬಿಲ್ಲೆ ಗೋಲು ಹೊಡೆದವನ ಕೈಗೆ ಹೋಗುತ್ತದೆ. ಮರ ಕಡಿದು ಬೆಳೆದ ಸೀಮೆಯ ಗುರುತು ಅದು.

ಬೆಂಗಳೂರಿನ ಕಂಠೀರವದಲ್ಲಿ ಬೆಂಗಳೂರು ಎಫ್‌ಸಿ ಅಭಿಮಾನಿಗಳ ಗುಂಪಾದ ವೆಸ್ಟ್ ಬ್ಲಾಕ್ ಬ್ಲೂಸ್ ಜೊತೆ ನಿಂತವರಿಗೆ ಈ ಹುರುಪು ಗೊತ್ತಿರುತ್ತದೆ. ಆದರೆ ಅಲ್ಲಿ ನಮಗೂ ಆಟಗಾರರಿಗೂ ನಡುವೆ ಓಟದ ಟ್ರ್ಯಾಕ್ ಇದೆ. ಇಲ್ಲಿ ಆಟಗಾರ ಉಸಿರು ಬಿಡುವುದು ಕೇಳಿಸುತ್ತದೋ ಅನ್ನುವಷ್ಟು ಹತ್ತಿರ.

ಹೆಂಗಸರ ಪಂದ್ಯಕ್ಕೆ ಬಂದರೆ ನನ್ನ ಮನಸ್ಸು ಪೂರ್ತಿ ಪೋರ್ಟ್‌ಲ್ಯಾಂಡ್ ಕಡೆಗೇ. ಅಲ್ಲಿನ ಹೆಂಗಸರ ತಂಡ ಥಾರ್ನ್ಸ್ 2019ರಲ್ಲಿ ಪಂದ್ಯಕ್ಕೆ ಸರಾಸರಿ 20,000 ಜನರನ್ನು ಕರೆತಂದಿತು. ಸಿಯಾಟಲ್‌ನಲ್ಲೂ 2023ರ ಅಕ್ಟೋಬರ್‌ನಲ್ಲಿ ಆಟಗಾರ್ತಿ ಮೇಗನ್ ರಪಿನೊ ಅವರನ್ನು ಬೀಳ್ಕೊಡಲು 34,130 ಜನ ಬಂದಿದ್ದರು. ಆದರೆ ಅದು ಒಂದು ರಾತ್ರಿಯ ಮಾತು. ವಾರ ವಾರ ಬಂದು ಗ್ಯಾಲರಿ ತುಂಬಿಸುವುದು ಬೇರೆ, ಅಲ್ವಾ?

ಹಾಗಾದರೆ ಎಲ್ಲಿಗೆ ಹೋಗಬೇಕು? ಚಿಕ್ಕ ಮಕ್ಕಳಿದ್ದರೆ, ಮೊದಲ ಸಲ ಆದರೆ, ಸುಮ್ನೆ ಒಂದು ಸಂಜೆ ಕಳೆಯಬೇಕು ಅಂದರೆ ಸಿಯಾಟಲ್. ಟಿಕೆಟ್ ಸಿಗುತ್ತದೆ, ಕೂತು ನೋಡಬಹುದು, ರಾತ್ರಿ ಮನೆ ಸೇರಬಹುದು. ಆಟಕ್ಕಾಗಿಯೇ ಹೋಗುವವರಾದರೆ ಪೋರ್ಟ್‌ಲ್ಯಾಂಡ್, ನನಗೆ ಎರಡನೇ ಯೋಚನೆ ಇಲ್ಲ. ಸಂಜೆ ಪಂದ್ಯವಾದರೆ ರಾತ್ರಿ ಅಲ್ಲೇ ಉಳಿಯಲು ರೂಮ್ ಮಾಡಿಕೊಳ್ಳಿ. ಇವೆರಡು ತಂಡವೇ ಎದುರುಬದುರಾದರೆ ಟಿಕೆಟ್ ತುಂಬಾ ಮುಂಚೆ ನೋಡಬೇಕು. ಇವೆರಡರ ಜೊತೆ ವ್ಯಾಂಕೂವರ್ ಸೇರಿ ಆಡುವ ಕ್ಯಾಸ್ಕೇಡಿಯಾ ಕಪ್ ಕೂಡ 2004ರಲ್ಲಿ ಅಭಿಮಾನಿಗಳೇ ಶುರು ಮಾಡಿದ್ದು.

ಮುಂದಿನ ಬೇಸಿಗೆಗೆ ಅಮ್ಮ ಮತ್ತೆ ಬರುತ್ತಿದ್ದಾರೆ. ಮಂಡಿನೋವು ಇರುವುದರಿಂದ ಅಷ್ಟು ಹೊತ್ತು ನಿಲ್ಲಲು ಆಗುವುದಿಲ್ಲ. ಅದಕ್ಕೇ ಪೋರ್ಟ್‌ಲ್ಯಾಂಡ್‌ನ ಪೂರ್ವದ ಕಡೆ, ಉತ್ತರದ ಮೂಲೆಗೆ ಹತ್ತಿರವಾಗಿ, ನಾಲ್ಕು ಸೀಟು ನೋಡಿಟ್ಟಿದ್ದೇನೆ. ಅಜ್ಜಿಗೆ ಹಾಡು ಹೇಳಿಕೊಡುವುದು ತನ್ನ ಕೆಲಸ ಅಂತ ಮಗಳು ಈಗಲೇ ಹೇಳಿದ್ದಾಳೆ.