ಐವತ್ತು ಜನರ ಸಂಬಳದ ಲೆಕ್ಕ: ಟ್ಯಾಲಿಯಲ್ಲೇ ಮಾಡುವುದೋ, ಪೇರೋಲ್ ಕಂಪನಿಗೆ ಕೊಡುವುದೋ?

ಪೀಣ್ಯದಂಥ ಕಡೆ 40–60 ಜನರಿರುವ ಘಟಕಗಳಲ್ಲಿ ಲೆಕ್ಕಪತ್ರದ ಸಾಫ್ಟ್‌ವೇರ್ ಟ್ಯಾಲಿಪ್ರೈಮ್ ಹೇಗೂ ಇರುತ್ತದೆ. ಪೇರೋಲ್, ಅಂದರೆ ಸಂಬಳದ ಲೆಕ್ಕ ಹಾಕುವ ಭಾಗ, ಅದರೊಳಗೇ ಇದೆ, ಬೇರೆ ದುಡ್ಡು ಕೊಡಬೇಕಿಲ್ಲ. ಎಫ್11 ಕೀ ಒತ್ತಿ ಪೇರೋಲ್ ಮತ್ತು ಪೇರೋಲ್ ಸ್ಟ್ಯಾಚುಟರಿ (ಪಿಎಫ್, ಇಎಸ್‌ಐನಂಥ ಕಾನೂನಿನ ಕಡಿತಗಳು) ಎರಡನ್ನೂ ಆನ್ ಮಾಡಿ, ಹಾಜರಾತಿ ತುಂಬಿ ಆಟೋಫಿಲ್ ಕೊಟ್ಟರೆ ಕಡಿತಗಳೆಲ್ಲ ಬರುತ್ತವೆ. ಪಿಎಫ್ ಪೋರ್ಟಲ್‌ಗೆ ಪ್ರತಿ ತಿಂಗಳು ಹಾಕುವ ಇಸಿಆರ್ ಫೈಲೂ ಅಲ್ಲೇ ಸಿಗುತ್ತದೆ. ಒಂದೇ ಊರು, ಒಂದೇ ಶಿಫ್ಟ್ ಆದರೆ ಇಷ್ಟು ಧಾರಾಳ ಸಾಕು.

ಎಡವಟ್ಟಾಗುವುದು ಎಕ್ಸೆಲ್‌ನಲ್ಲಿ ಲೆಕ್ಕ ಹಾಕುವವರಿಗೆ. ಇಎಸ್‌ಐಗೆ (ಕಾರ್ಮಿಕರ ಆರೋಗ್ಯ ವಿಮೆ) ತಿಂಗಳ ಸಂಬಳದ ಮಿತಿ 21,000 ರೂಪಾಯಿ. 20,500 ಪಡೆಯುತ್ತಿದ್ದವರಿಗೆ ಜುಲೈನಲ್ಲಿ 21,800 ಆಯಿತು ಅಂದುಕೊಳ್ಳಿ. ಮಿತಿ ದಾಟಿದರೆ ಸೊನ್ನೆ ಅಂತ ಫಾರ್ಮುಲಾ ಇದ್ದರೆ ಆ ತಿಂಗಳೇ ಕಡಿತ ನಿಲ್ಲುತ್ತದೆ. ಅದು ತಪ್ಪು. ಏಪ್ರಿಲ್–ಸೆಪ್ಟೆಂಬರ್ ಅವಧಿ ಮುಗಿಯುವ ತನಕ ಪೂರ್ತಿ 21,800ರ ಮೇಲೆ ಕಟ್ಟಬೇಕು: ಕಾರ್ಮಿಕರಿಂದ 0.75%, ಅಂದರೆ 164, ಮಾಲೀಕರಿಂದ 3.25%, 709. ಪಿಎಫ್‌ನಲ್ಲೂ ಇಂಥದೇ ಎಡವಟ್ಟಾಗುತ್ತದೆ. 15,000 ರೂಪಾಯಿ ಸಂಬಳಕ್ಕೆ ಮಾಲೀಕರ ಪಾಲು 1,800. ಅದರಲ್ಲಿ 1,250 ಪಿಂಚಣಿಗೆ ಹೋಗುತ್ತದೆ. 58 ತುಂಬಿದವರಿಗೆ ಸಾಮಾನ್ಯವಾಗಿ ಪಿಂಚಣಿಯ ಪಾಲು ನಿಂತು, ಇಡೀ 1,800 ಪಿಎಫ್ ಖಾತೆಗೇ ಸೇರಬೇಕು.

ಟ್ಯಾಲಿಯಲ್ಲೂ ಕೈಯಾರೆ ನೋಡಿಕೊಳ್ಳಬೇಕಾದ್ದಿದೆ. ಸಂಬಳ ಏರಿದಾಗ ಅವರ ಸಂಬಳದ ವಿವರದಲ್ಲಿ ಹೊಸ ದಿನಾಂಕದಿಂದ ಹೊಸ ಸಾಲು ಹಾಕಿ. ಹಳೆಯದನ್ನೇ ತಿದ್ದಿದರೆ ಹಿಂದಿನ ದರದ ದಾಖಲೆ ಉಳಿಯುವುದಿಲ್ಲ. ಕರ್ನಾಟಕದ ವೃತ್ತಿ ತೆರಿಗೆ ಫೆಬ್ರವರಿಯಲ್ಲಿ ಮಾತ್ರ 200ರ ಬದಲು 300, ಅದನ್ನು ಮರೆಯುವವರೇ ಹೆಚ್ಚು.

ಹೊರಗಿನ ಸೇವೆ ಬೇಕಾಗುವುದು ಎರಡು ಮೂರು ಶಿಫ್ಟ್, ಓಟಿ (ಹೆಚ್ಚುವರಿ ಅವಧಿಯ ಕೆಲಸ), ಬೇರೆ ರಾಜ್ಯದಲ್ಲಿ ಶಾಖೆ, ತಿಂಗಳು ತಿಂಗಳೂ ಸೇರುವವರು ಬಿಡುವವರು ಇದ್ದಾಗ. ಆಗ ಕೊಟ್ಟ ದುಡ್ಡಿಗೆ ಮೋಸವಿಲ್ಲ. ಆದರೆ ತಲೆಗಿಷ್ಟು ಅಂತ ಹೇಳುವ ದರವನ್ನಷ್ಟೇ ನೋಡಬೇಡಿ. ತಿಂಗಳ ಕನಿಷ್ಠ ಶುಲ್ಕ ಎಷ್ಟು, ಫುಲ್ ಅಂಡ್ ಫೈನಲ್ (ಕೆಲಸ ಬಿಡುವವರ ಕೊನೆಯ ಲೆಕ್ಕ) ಮತ್ತು ಸಂಬಳದ ಟಿಡಿಎಸ್ ಪ್ರಮಾಣಪತ್ರಕ್ಕೆ ಬೇರೆ ಬಿಲ್ ಇದೆಯೇ ಕೇಳಿ. ಹಾಜರಾತಿಯನ್ನು ಪೇರೋಲ್ ಕಂಪನಿಯವರು ತಿಂಗಳು ಮುಗಿಯುವ ಮೊದಲೇ ಕೇಳುತ್ತಾರೆ. ಆಮೇಲಿನ ರಜೆ, ಓಟಿ ಮುಂದಿನ ತಿಂಗಳ ಅರಿಯರ್ಸ್‌ಗೆ (ಬಾಕಿಗೆ) ಹೋಗುತ್ತದೆ. ದುಡಿದ ಓಟಿ ಕೈಗೆ ಬರಲು ಒಂದು ತಿಂಗಳು ಕಾಯಬೇಕಾದರೆ ಕಾರ್ಮಿಕರು ಸಿಟ್ಟಾಗುವುದು ನ್ಯಾಯವೇ.

ಕೆಲಸ ಹೊರಗೆ ಕೊಟ್ಟರೂ ಹೊಣೆ ನಿಮ್ಮದೇ. 15ನೇ ತಾರೀಖು ದಾಟಿ ಪಿಎಫ್ ಕಟ್ಟಿದರೆ ವರ್ಷಕ್ಕೆ 12% ಬಡ್ಡಿ, ಮೇಲೆ ದಂಡ, ಎರಡೂ ಮಾಲೀಕರ ಮೇಲೆ. ಪೇರೋಲ್ ಕಂಪನಿಯವರ ತಪ್ಪಿನಿಂದ ತಡವಾದರೆ ಅದನ್ನು ಅವರೇ ತುಂಬಿಕೊಡಬೇಕೆಂದು ಒಪ್ಪಂದದಲ್ಲಿ ಬರೆಸಿ. ಪಿಎಫ್, ಇಎಸ್‌ಐ ಪೋರ್ಟಲ್‌ಗಳಲ್ಲಿ ನಿಮ್ಮ ಮೊಬೈಲ್ ನಂಬರೇ ಇರಲಿ. ಸಂಬಳದ ರಿಜಿಸ್ಟರ್ ಪ್ರತಿ ತಿಂಗಳೂ ಎಕ್ಸೆಲ್‌ನಲ್ಲೇ ಬರಲಿ, ಬರೀ ಪಿಡಿಎಫ್ ಬೇಡ. ಮೊದಲ ಎರಡು ತಿಂಗಳು ಟ್ಯಾಲಿಯಲ್ಲೂ ಲೆಕ್ಕ ಹಾಕಿ, ಒಬ್ಬೊಬ್ಬರದೂ ರೂಪಾಯಿಗೆ ರೂಪಾಯಿ ತಾಳೆಯಾದ ಮೇಲೆ ಪೂರ್ತಿ ಒಪ್ಪಿಸಿ.